ಹಿಂದಿನ ಮಡ್‌ಗಾರ್ಡ್

ಎಪ್ಪತ್ತರ ದಶಕದಲ್ಲಿ ಅಣ್ಣಿಗೇರಿಯ ನಮ್ಮ ಓಣಿಯಲ್ಲಿ ಒಬ್ಬ ದನದ ಡಾಕ್ಟರು ಬಾಡಿಗೆಗಿದ್ದರು. ಅವರ ಮುಖ ಈಗ ಸರಿಯಾಗಿ ನೆನಪಿಲ್ಲ. ನೆನಪಿನಲ್ಲಿರುವ ಮೀಸೆಯನ್ನೂ ನಾನೇ ಆಮೇಲೆ ಅಂಟಿಸಿರಬಹುದು. ಅವರ ಫಟಫಟಿ ಮಾತ್ರ ಚೆನ್ನಾಗಿ ನೆನಪಿದೆ. ದಿನಾ ಬೆಳಿಗ್ಗೆ, ಎತ್ತಿನ ಎದೆಗೆ ಇಡುವ ಸ್ಟೆತಾಸ್ಕೋಪನ್ನೇ ಇಂಜಿನ್ನಿಗೆ ಇಟ್ಟು ಕಣ್ಣು ಮುಚ್ಚಿ ಕೇಳುತ್ತಿದ್ದರು. ಆಮೇಲೆ ಬೋಲ್ಟು ತಿರುಗಿಸುವ ಪಾನಾ ಹಿಡಿದು ಏನಾದರೊಂದು ಬಿಚ್ಚುತ್ತಿದ್ದರು.

"ಭಾರ ಕಳೀಬೇಕ್ರಿ. ಗಾಡಿ ಹಾರತೈತಿ."

ಕನ್ನಡಿ, ಹಾರ್ನು, ಚೈನಿನ ಮುಚ್ಚಳ, ಕೊನೆಗೆ ಹಿಂದಿನ ಮಡ್‌ಗಾರ್ಡೂ ಹೋಯಿತು. ಗಾಡಿ ನಿಜಕ್ಕೂ ಹಾರುತ್ತಿತ್ತು.

ಅವರು ನವಲಗುಂದದ ಕಡೆ ಹೆಣ್ಣು ನೋಡಲು ಹೊರಟಾಗ ಹಿಂದೆ ಕೂತವನು ನಾನು. ಹಿಂದಿನ ದಿನ ಮಳೆಯಾಗಿತ್ತು. ಆ ಮನೆ ಮುಟ್ಟಿದಾಗ ಅವರ ಬಿಳಿ ಅಂಗಿ ಬಿಳಿಯಾಗಿಯೇ ಇತ್ತು. ದಾರಿಯ ಎರೆಮಣ್ಣೆಲ್ಲ ನನ್ನ ಬೆನ್ನ ಮೇಲಿತ್ತು. ಪಡಸಾಲೆಯಲ್ಲಿ ಒರಗಿ ಕೂತು ಅವಲಕ್ಕಿ ತಿಂದು ನಾನು ಎದ್ದಾಗ, ಹೊಸದಾಗಿ ಸುಣ್ಣ ಬಳಿದ ಗೋಡೆಯ ಮೇಲೆ ನನ್ನ ಬೆನ್ನು ಉಳಿದುಕೊಂಡಿತ್ತು.

"ಏನರ ಕೇಳೂದಿದ್ರ ಕೇಳವಾ," ಎಂದರು ಹುಡುಗಿಯ ತಂದೆ.

ಹುಡುಗಿ ಗೋಡೆ ನೋಡಿದಳು. "ಲಗ್ನ ಆದ ಮ್ಯಾಲೆ ಹಿಂದ ಕೂಡಾಕಿ ನಾನಽ ಅಲ್ಲೇನ್ರಿ?"

ಅವಳು ನಕ್ಕಳೋ ಇಲ್ಲವೋ ಹೇಳಲಾರೆ. ಡಾಕ್ಟರು ಬೆವೆತದ್ದು ಖಂಡಿತ.

ಮರುದಿನ ಬೆಳಿಗ್ಗೆ ಅವರು ಸ್ಟೆತಾಸ್ಕೋಪು ಹೊರಗೆ ತೆಗೆಯಲಿಲ್ಲ. ಕೂತು ಮಡ್‌ಗಾರ್ಡಿನ ಬೋಲ್ಟು ಬಿಗಿಯುತ್ತಿದ್ದರು.

"ಭಾರ ಆಗೂದಿಲ್ಲೇನ್ರಿ?" ಎಂದೆ.

"ಅಕಿ ಹಗೂರ ಅದಾಳ ಬಿಡ್ರಿ," ಎಂದರು, ತಲೆ ಎತ್ತದೆ.