ಬೆನ್ನು ಮುಂದಾಗಿ ಬಂದ ದೋಣಿ

ಮದುವೆಯಾಗಿ ಪುಣೆಗೆ ಬಂದಾಗ ನನಗೆ ಹದಿನೆಂಟೋ ಹತ್ತೊಂಬತ್ತೋ. ಸ್ವರಾಜ್ಯ ಬರಲು ಇನ್ನೂ ಹಲವು ವರ್ಷಗಳಿದ್ದವು. ನಮ್ಮ ಮನೆಯವರು ಮಿಲಿಟರಿ ಲೆಕ್ಕದ ಕಚೇರಿಯಲ್ಲಿ ಕಾರಕೂನರು. ಮಂಗಳವಾರ ಪೇಠೆಯ ಒಂದು ವಾಡೆಯಲ್ಲಿ ನಮಗೆ ಎರಡು ಕೋಣೆ; ಅತ್ತೆ, ಅವರು, ನಾನು, ಇಷ್ಟೇ ಜನ. ನನ್ನ ತವರು ಮಲಪ್ರಭೆಯ ದಂಡೆಯಲ್ಲಿ. ನಡೆಯಲು ಕಲಿತ ಬೆನ್ನಲ್ಲೇ ಈಜಲು ಕಲಿತವಳು ನಾನು. ಪೇಠೆಯ ನಳದ ನೀರು ಕೊಡಕ್ಕೆ ಸಾಲುತ್ತಿತ್ತು, ನನಗೆ ಸಾಲುತ್ತಿರಲಿಲ್ಲ.

ಹಾಗಾಗಿ ಬಟ್ಟೆ ಒಗೆಯುವ ನೆಪದಲ್ಲಿ ಬೆಳಿಗ್ಗೆ ಎರಡು ಹೊಳೆ ಕೂಡುವ ಸಂಗಮಕ್ಕೆ, ಅಲ್ಲಿ ನೀರಿಗಿಳಿಯುವ ಮೆಟ್ಟಿಲುಗಳ ಘಾಟಿಗೆ ಹೋಗುತ್ತಿದ್ದೆ. ಉಳಿದ ಹೆಂಗಸರು ಸೊಂಟದ ನೀರಿನಲ್ಲಿ ನಿಲ್ಲುವರು. ನಾನು ಕಚ್ಚೆ ಬಿಗಿದು ಹೊಳೆಯ ನಡುವಿನವರೆಗೂ ಈಜಿ ಬರುತ್ತಿದ್ದೆ. ಅತ್ತೆಗೆ ಗೊತ್ತಿತ್ತು. "ಮಂದಿ ನೋಡ್ತಾರ" ಎನ್ನುವರು, ಅಷ್ಟಕ್ಕೇ ಬಿಡುವರು.

ಅದೇ ಹೊಳೆಯಲ್ಲಿ ಕಾಲೇಜಿನ ಹುಡುಗರು ದೋಣಿ ನಡೆಸುತ್ತಿದ್ದುದು ಸಂಜೆ. ದೋಣಿ ಪಂದ್ಯ ಹತ್ತಿರವಾಯಿತೆಂದು ಒಂದು ದಿನ ಮಾತ್ರ ಬೆಳಿಗ್ಗೆಯೇ ಇಳಿದಿದ್ದರು. ಇಬ್ಬರು ಕೂತ ಸಪೂರ ದೋಣಿಯೊಂದು ನನ್ನತ್ತ ಬರುವುದನ್ನು ದೂರದಿಂದಲೇ ಕಂಡೆ. ಅವರಿಗೂ ಕಣ್ಣಿವೆಯಲ್ಲ, ತಿರುಗಿಸುತ್ತಾರೆ ಎಂದುಕೊಂಡು ಈಜುತ್ತಲೇ ಇದ್ದೆ. ತಿರುಗಿಸಲಿಲ್ಲ. ತೀರ ಹತ್ತಿರ ಬಂದಾಗ ಮುಳುಗಿದೆ. ದೋಣಿ ನೆತ್ತಿಯ ಮೇಲೆ ಹಾದುಹೋಯಿತು, ಆದರೆ ಮೇಲೇಳುವ ಹೊತ್ತಿಗೆ ಹುಟ್ಟಿನ ಏಟು ಎಡ ಹೆಗಲಿಗೆ ಬಿತ್ತು.

ಘಾಟಿನ ಹೆಂಗಸರು ದೋಣಿ ನಿಲ್ಲಿಸಿರೆಂದು "ಥಾಂಬಾ! ಥಾಂಬಾ!" ಎಂದು ಮರಾಠಿಯಲ್ಲಿ ಚೀರಿದರು. ನಾನು "ಅವ್ವಾ!" ಎಂದು ಕೂಗಿ ಒಂದು ಗುಟುಕು ನೀರು ಕುಡಿದೆ. ಅಷ್ಟರಲ್ಲಿ ದೋಣಿಯ ಇಬ್ಬರು ಹುಡುಗರಲ್ಲೊಬ್ಬ ಹುಟ್ಟನ್ನು ಮೆಲ್ಲಗೆ ನನ್ನೆಡೆ ಚಾಚಿ ಕೂಗಿದ:

"ಹಿಡೀರಿ ವೈನಿ! ಬಿಡಬ್ಯಾಡ್ರಿ, ಹಿಡ್ಕೊಂಡಿರ್ರಿ!"

ಅಷ್ಟು ನೋವಿನಲ್ಲೂ, ಈ ಹೊಳೆಯ ನಡುವೆ ಕನ್ನಡ ಎಲ್ಲಿಂದ ಬಂತು ಎಂದು ಅಚ್ಚರಿಯಾಯಿತು. ಮೇಲೆಳೆದರೆ ದೋಣಿ ಮಗುಚುತ್ತದೆಂದು ಅದರ ಹಿಂತುದಿಯನ್ನು ಹಿಡಿಸಿ, ನಿಧಾನವಾಗಿ ದಂಡೆಗೆ ತಂದರು.

ಹೆಗಲ ಮುಂದಿನ ಎಲುಬು ಬಿರುಕು ಬಿಟ್ಟಿತ್ತು. ಡಾಕ್ಟರು ಕೈಯನ್ನು ಎದೆಗೆ ಸೇರಿಸಿ ಕಟ್ಟಿದರು. ಅತ್ತೆಯೇ ನನ್ನ ತಲೆ ಬಾಚುತ್ತಿದ್ದರು. ಬೈಯಲಿಲ್ಲ. "ಇನ್ನ ಹೊಳಿ ಮಾತ ತೆಗೀಬ್ಯಾಡ" ಎಂದರು. ನನಗೆ ಅಳು ಬಂತು.

ಕೆಲವು ದಿನಗಳ ಮೇಲೆ ಹುಟ್ಟು ಚಾಚಿದ್ದ ಆ ಹುಡುಗ ಮೋಸಂಬಿಯ ಚೀಲ ಹಿಡಿದು ಬಾಗಿಲಿಗೆ ಬಂದ. ಬೆಳಗಾವಿಯವನು. ಮುಖ ಬಾಡಿತ್ತು. "ದೋಣಿ ಬಿಟ್ಟೇನ್ರಿ ವೈನಿ. ಮತ್ತ ಹುಟ್ಟು ಮುಟ್ಟಂಗಿಲ್ಲ" ಎಂದ.

"ಅದಿರಲಿ ತಮ್ಮಾ, ನಾ ಅಷ್ಟು ದೂರದಿಂದ ನಿಮ್ಮನ್ನ ನೋಡಿದ್ದೆ. ನಿಮಗ ನಾ ಹ್ಯಾಂಗ ಕಾಣಲಿಲ್ಲ?"

"ಹೋಗೋ ಕಡೆ ಬೆನ್ನು ಮಾಡಿ ಕೂಡ್ತೀವ್ರಿ ನಾವು. ಹಿಂಗ ನೋಡ್ರಿ." ನೆಲದ ಮೇಲೆ ಕೂತು, ಕೈ ಬೀಸಿ, ಹಿಂದಕ್ಕೆ ಜರುಗುತ್ತ ತೋರಿಸಿದ. ಬೆನ್ನು ಹೋಗಿ ಅತ್ತೆಯ ಮಜ್ಜಿಗೆ ತಂಬಿಗೆಗೆ ತಾಗಿ, ಮಜ್ಜಿಗೆಯೆಲ್ಲ ನೆಲದ ಪಾಲಾಯಿತು.

"ಮನ್ಯಾಗೂ ಡಿಕ್ಕಿ ಹೊಡೀತೀಯಲ್ಲೋ!" ಎಂದು ಅತ್ತೆ ನಕ್ಕೇಬಿಟ್ಟರು. ಹುಡುಗನ ಕಿವಿ ಕೆಂಪಾದವು. ಆಮೇಲೆ ಅವನೂ ನಕ್ಕ.

"ಮುಂದ ನೋಡ್ಲಿಕ್ಕೆ ಒಬ್ಬನ್ನ ಕೂಡಿಸಬಾರದೇನು?" ಅತ್ತೆ ಕೇಳಿದರು.

"ದೊಡ್ಡ ದೋಣ್ಯಾಗ ಇರ್ತಾನ್ರಿ. ಸಣ್ಣದರಾಗ ನಾವ ಹೊಳ್ಳಿ ಹೊಳ್ಳಿ ನೋಡಬೇಕು. ಅವತ್ತ ಜೋರಿನಾಗ ಮರತ್ವಿ. ಮತ್ತ ಬಿಸಿಲಾಗ ನೀರು ಹೊಳೀತಿರತದ, ಒಂದ ತಲಿ ಅಷ್ಟ ಅಂದ್ರ ಕಾಣೂದ ಇಲ್ರಿ."

ಅತ್ತೆ ಎದ್ದು ಹೋಗಿ ಅಟ್ಟದಿಂದ ಒಣಗಿದ ಸೋರೆಬುರುಡೆಯೊಂದನ್ನು ತಂದರು. ಹಳೆಯ ಕೆಂಪು ಖಣದ ತುಂಡನ್ನು ಅದಕ್ಕೆ ಸುತ್ತಿ, ಉದ್ದನೆಯ ದಾರ ಕಟ್ಟಿ, ನನ್ನ ಮಡಿಲಿಗೆ ಹಾಕಿದರು.

"ಸೊಂಟಕ್ಕ ಕಟ್ಟಿಕೋ, ಹಿಂದ ತೇಲಿಕೋತ ಬರತದ. ಈಜಬ್ಯಾಡ ಅಂದ್ರ ನೀ ಒಣಗಿ ಹೋಗ್ತಿ. ಕಾಣೂ ಹಂಗರ ಈಜು." ಹುಡುಗನ ಕಡೆ ತಿರುಗಿ, "ನೀನೂ ದೋಣಿ ಬಿಡಬ್ಯಾಡ. ಒಮ್ಮೆ ಹೆದರಿದವಾ ಇನ್ನ ಮ್ಯಾಲ ನೋಡಿ ನಡಸ್ತಾನ" ಎಂದರು.

ಮಳೆಗಾಲ ಮುಗಿದು ಹೊಳೆ ತಿಳಿಯಾದ ಮೇಲೆ ಆ ಕೆಂಪು ಬುರುಡೆಯನ್ನು ಸೊಂಟಕ್ಕೆ ಕಟ್ಟಿಕೊಂಡು ನೀರಿಗಿಳಿದೆ. ಆ ಹೊತ್ತಿಗೆ ಹುಡುಗರು ತಮ್ಮಲ್ಲೇ ಮಾತಾಡಿಕೊಂಡು, ಬೆಳಿಗ್ಗೆ ಬಂದರೆ ಆಚೆ ದಂಡೆ ಹಿಡಿದೇ ಹೋಗುವುದು, ತಿರುವಿನಲ್ಲಿ ಗಟ್ಟಿಯಾಗಿ ಕೂಗುವುದು ಎಂದು ಗೊತ್ತುಮಾಡಿದ್ದರು. ಆದರೂ ಹುಟ್ಟಿನ ಸದ್ದು ಕೇಳಿದೊಡನೆ ಈಜುವುದನ್ನು ಬಿಟ್ಟು ಕುತ್ತಿಗೆಯ ನೀರಿನಲ್ಲಿ ನಿಂತುಬಿಟ್ಟೆ. ದೋಣಿ ದೂರದಲ್ಲೇ ನಿಂತಿತು. ಆ ಹುಡುಗ ಹೆಗಲ ಮೇಲಿಂದ ಹೊರಳಿ ನೋಡಿ, "ಕಾಣಸ್ತೀರಿ ವೈನಿ! ಹೋಗ್ರಿ, ನಾವು ನಿಂತೇವಿ!" ಎಂದು ಕೂಗಿದ.

ಎಡಗೈ ಇನ್ನೂ ಪೂರಾ ಮೇಲೇಳುತ್ತಿರಲಿಲ್ಲ. ಬಲಗೈಯಿಂದಲೇ ನೀರು ಸರಿಸುತ್ತ ನಡುಹೊಳೆಯವರೆಗೆ ಹೋಗಿ ಬಂದೆ. ಅವರು ಅಲ್ಲಿಯವರೆಗೂ ಹುಟ್ಟು ಎತ್ತಿ ಹಿಡಿದು ಕಾದರು.

ಮೆಟ್ಟಿಲು ಹತ್ತಿದಾಗ, ಸೊಂಟದ ನೀರು ದಾಟದ ಇಬ್ಬರು ಹೆಂಗಸರು ಒದ್ದೆ ಬಟ್ಟೆ ಕೈಯಲ್ಲೇ ಹಿಡಿದು ನಿಂತಿದ್ದರು. ತಮಗೂ ಕಲಿಸುತ್ತೀಯಾ ಎಂದು ಮರಾಠಿಯಲ್ಲಿ ಕೇಳಿದರು. ಮರುದಿನ ಬೆಳಿಗ್ಗೆಯೇ ಶುರುಮಾಡಿದೆವು.