ಬ್ಯಾಂಡಿನವರಿಗೆ ಕುರ್ಚಿ

ಸಂಗೀತ ಕಚೇರಿಗಳಲ್ಲಿ ನನ್ನ ಬಲಗಾಲು ನನ್ನ ಮಾತು ಕೇಳುವುದಿಲ್ಲ. ಮುಖವನ್ನು ರಸಜ್ಞನಿಗೆ ಒಪ್ಪುವಷ್ಟು ಗಂಭೀರವಾಗಿಟ್ಟುಕೊಂಡು, ತಲೆಯನ್ನು ಶಾಸ್ತ್ರಕ್ಕೆ ಸಲ್ಲುವಷ್ಟೇ ಮಿತವಾಗಿ ತೂಗುತ್ತ ನಾನು ಕುಳಿತಿದ್ದರೂ, ಕುರ್ಚಿಯ ಕೆಳಗೆ ಅದು ತನ್ನ ಪಾಡಿಗೆ ತಾನು ನೆಲ ಕುಟ್ಟುತ್ತಿರುತ್ತದೆ. ಮೊನ್ನೆಯೂ ಹಾಗೇ ಆಯಿತು. ಪಕ್ಕದವರು ಮೊದಲು ನನ್ನ ಪಾದವನ್ನೂ ಆಮೇಲೆ ನನ್ನ ಮುಖವನ್ನೂ ನೋಡಿದರು. ಹಿಂದಾಗಿದ್ದರೆ ನಾಚಿ ಕಾಲನ್ನು ಒಳಗೆಳೆದುಕೊಳ್ಳುತ್ತಿದ್ದೆ. ಈಗ ಎಳೆದುಕೊಳ್ಳುವುದಿಲ್ಲ. ಏಕೆಂದು ಹೇಳುತ್ತೇನೆ ಕೇಳಿ. ಆ ಕಥೆಯಲ್ಲಿ ತಪ್ಪೆಲ್ಲ ನನ್ನದೇ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಮಧುಗಿರಿಯಲ್ಲಿ ನಾನು ಹಗಲೆಲ್ಲ ಒಂದು ಬಗೆಯ ಕಚೇರಿಯಲ್ಲಿ ಗುಮಾಸ್ತ, ಸಂಜೆ ಇನ್ನೊಂದು ಬಗೆಯ ಕಚೇರಿಗೆ ಕಾರ್ಯದರ್ಶಿ. ಎರಡರಲ್ಲೂ ನನಗೆ ಕರಗತವಾಗಿದ್ದ ವಿದ್ಯೆ ಒಂದೇ, ಪಟ್ಟಿ ಬರೆಯುವುದು. ನಮ್ಮ ಸಂಗೀತ ಸಂಘಕ್ಕಿದ್ದ ಆಶ್ರಯ ವಾಚನಾಲಯದ ಹಿಂದಿನ ಹಜಾರ. ಅಲ್ಲಿ ಅರವತ್ತು ಕುರ್ಚಿ ಹಾಕಿದರೆ ಅರವತ್ತೊಂದನೆಯ ರಸಿಕ ಕಿಟಕಿಯಲ್ಲಿ ಕೂರಬೇಕಿತ್ತು. ಹೀಗಿರುವಾಗ ಬೆಂಗಳೂರಿನ ಗೆಳೆಯನೊಬ್ಬ ಅಲ್ಲಿನ ಪುಟ್ಟ ಸಭಾಂಗಣವೊಂದರಲ್ಲಿ ನಡೆದ ಜಾಝ್ ಉತ್ಸವದ ಕಾರ್ಯಕ್ರಮ ಪಟ್ಟಿಯನ್ನು ನನಗೆ ಕಳಿಸಿದ. ಜಾಝ್ ಎಂಬುದನ್ನು ನನ್ನ ಕಿವಿ ಕೇಳಿರಲಿಲ್ಲ, ಪಟ್ಟಿಯನ್ನು ಮಾತ್ರ ಹತ್ತು ಸಲ ಓದಿದೆ. ಕ್ಲಾರಿನೆಟ್, ಟ್ರಂಪೆಟ್, ಡ್ರಮ್ಮು. ವಾದಕರು ಆ ಕ್ಷಣಕ್ಕೆ ಮನಸ್ಸಿಗೆ ಬಂದದ್ದನ್ನು ನುಡಿಸುತ್ತಾರೆಂದೂ ಬರೆದಿತ್ತು. ಮನಸ್ಸಿಗೆ ಬಂದದ್ದನ್ನು ನುಡಿಸುವವರಿಗೆ ಪಟ್ಟಿ ಏಕೆಂಬ ಸಂದೇಹ ಗುಮಾಸ್ತನಿಗೆ ಹೊಳೆಯಲಿಲ್ಲ. ಹೊಳೆದದ್ದು ಬೇರೆ: ಅಯ್ಯೋ, ಇದೆಲ್ಲ ನಮ್ಮ ಶಿರಾದ ಮದುವೆ ಬ್ಯಾಂಡಿನಲ್ಲೇ ಇದೆಯಲ್ಲ!

ಆ ಬ್ಯಾಂಡಿನ ಯಜಮಾನರು ಖಾದರ್ ಮಾಸ್ತರು. ಕೆಂಪು ಕೋಟು, ಹಿತ್ತಾಳೆ ಗುಂಡಿ, ಕೈಯಲ್ಲಿ ಕ್ಲಾರಿನೆಟ್. ಕೊರಟಗೆರೆಯಿಂದ ಪಾವಗಡದವರೆಗೆ ಅವರು ಮುಂದೆ ನಿಲ್ಲದೆ ಮದುಮಗನ ಮೆರವಣಿಗೆ ಹೊರಡುತ್ತಿರಲಿಲ್ಲ. ನಾನು ಕರೆಯಲು ಹೋದಾಗ ಅವರು ಕ್ಲಾರಿನೆಟ್ಟನ್ನೂ ಒಂದು ಬಟ್ಟೆಯನ್ನೂ ಕೈಗೆತ್ತಿಕೊಂಡರು.

"ಸೆಕ್ರೆಟ್ರಿ ಸಾಹೇಬ್ರೆ, ನಮ್ಮ ಅಬ್ಬಾ ಒಂದು ರಾಗ ಕಲಿಸಿದ್ರು, ನಿಧಾನದ್ದು. ಮೂವತ್ತು ವರ್ಷದಿಂದ ಶುರು ಮಾಡ್ತಾನೇ ಇದೀನಿ, ಒಂದ್ಸಲಾನೂ ಪೂರಾ ಮುಗಿಸಿಲ್ಲ. ಅಷ್ಟ್ರಲ್ಲಿ ಛತ್ರದ ಬಾಗಿಲು ಬಂದ್ಬಿಡ್ತದೆ, 'ಸಾಕು, ನಿಲ್ಸಪ್ಪಾ' ಅಂತಾರೆ. ಕೂತ್ಕೊಂಡು ಕೇಳೋ ಜನ ಸಿಕ್ಕಿದ್ರೆ ಒಂದೇ ಒಂದ್ಸಲ ಮುಗಿಸ್ಬೇಕು."

ಹೇಳುತ್ತ ಹೇಳುತ್ತ ಅವರು ಒರೆಸಿದ್ದ ಕ್ಲಾರಿನೆಟ್ಟನ್ನೇ ಮತ್ತೆ ಮತ್ತೆ ಒರೆಸುತ್ತಿದ್ದರು. ಮುಗಿಸುತ್ತೀರಿ, ನಾನಿದ್ದೇನೆ ಎಂದು ಮಾತು ಕೊಟ್ಟು ಬಂದೆ.

ಮಾತು ಕೊಡುವಾಗ ನಮ್ಮ ಅಧ್ಯಕ್ಷರನ್ನು ಮರೆತಿದ್ದೆ. ವಕೀಲ ಶಾಮಣ್ಣನವರು ಶುದ್ಧ ಸಂಪ್ರದಾಯಸ್ಥರು. ಅಪಸ್ವರ ಕೇಳಿದರೆ ಅವರಿಗೆ ಹಲ್ಲುನೋವು ಬರುತ್ತಿತ್ತು. "ಮದುವೆ ಬ್ಯಾಂಡಿನವರಿಗೆ ಕುರ್ಚಿ ಹಾಕ್ತೀರೇನ್ರೀ? ಮೊದಲನೇ ಹಾಡೇ ಕೆಟ್ಟರೆ ನಾನು ಎದ್ದುಬಿಡ್ತೀನಿ, ನಾನೆದ್ದರೆ ಸಭೆ ಮುಗೀತು ಅಂತ ತಿಳ್ಕೊಳ್ಳಿ" ಎಂದರು. ನಾನೇನೂ ಹೆದರಲಿಲ್ಲ. ನನ್ನ ಬಳಿ ಪಟ್ಟಿ ಇತ್ತು! ಆರು ಅಂಶ, ಒಂದೊಂದಕ್ಕೂ ಇಂತಿಷ್ಟು ನಿಮಿಷ, ಮೇಲೆ ದಪ್ಪಕ್ಷರದಲ್ಲಿ 'ಕಲಾವಿದರು ಆಸೀನರಾಗಿ ನುಡಿಸುವರು'. ಬೆಂಗಳೂರಿನ ಪಟ್ಟಿಯ ಚಿತ್ರದಲ್ಲಿ ಜಾಝಿನವರು ಕುರ್ಚಿಯ ಮೇಲೆ ಕೂತಿದ್ದರಲ್ಲ, ಅದರಿಂದ ಕಲಿತ ಪಾಂಡಿತ್ಯ ಅದು.

ಬೆಟ್ಟದ ಬಂಡೆ ಹಗಲಿಡೀ ಕುಡಿದ ಬಿಸಿಲನ್ನು ಊರ ಮೇಲೆ ಕಾರುವ ಒಂದು ಭಾನುವಾರದ ಸಂಜೆ, ಬ್ಯಾಂಡಿನವರು ನನ್ನ ಅಪ್ಪಣೆಯಂತೆ ಸಾಲಾಗಿ ಆಸೀನರಾದರು. ಎದೆಗೆ ತೂಗುಹಾಕಿಕೊಂಡು ಬಾರಿಸುವ ದೊಡ್ಡ ಡ್ರಮ್ಮು ಈರಣ್ಣನ ಮೊಣಕಾಲುಗಳ ನಡುವೆ ಸಿಕ್ಕಿ ಉಸಿರು ಕಟ್ಟಿದಂತೆ ಸದ್ದು ಮಾಡಿತು. ಟ್ರಂಪೆಟ್ಟು ಅವಸರದಲ್ಲಿ ಮುಂದೋಡಿತು. ಕ್ಲಾರಿನೆಟ್ಟು ಎರಡು ಸಲ ಕೀಚಲಿಟ್ಟಿತು. ಮಾಸ್ತರು ಅದನ್ನು ತೊಡೆಯ ಮೇಲಿಟ್ಟುಕೊಂಡು ತಲೆ ತಗ್ಗಿಸಿದರು. ಮುಂದಿನ ಸಾಲಿನಲ್ಲಿ ಶಾಮಣ್ಣನವರು ನನ್ನ ಪಟ್ಟಿಯನ್ನು ನಾಲ್ಕಾಗಿ ಮಡಿಸಿ ಕೊಡೆಗೆ ಕೈ ಹಾಕಿದರು.

ಆಗ ಬಾಯಿಬಿಟ್ಟವನು ಈರಣ್ಣ. ಬುಕ್ಕಾಪಟ್ಟಣದ ಕಡೆಯ ಕುರಿ ಮೇಯಿಸುವ ಮನೆಯವನು. ದಾಕ್ಷಿಣ್ಯ ಅವನ ಜಾಯಮಾನಕ್ಕೆ ಬಂದದ್ದಲ್ಲ.

"ಅಲ್ಲ ಸಾಮಿ, ನಮ್ಮನ್ನ ಇಂಗೆ ಕುಂಡ್ರುಸ್ಬುಟ್ರೆ ಹೆಂಗೆ? ಕಾಲು ನಡೀದೆ ಕೈ ನಡೀತದಾ? ನಾವು ಕಲ್ತಾಗ್ಲಿಂದ ನಡ್ಕಂಡೇ ಬಾರ್ಸಿರೋರು ಕಣ್ರೀ!"

ಸಭೆ ಗೊಳ್ಳೆಂದಿತು. ನನಗೆ ನಗು ಬರಲಿಲ್ಲ. ಕೂತು ಕೇಳುವವರು ಬೇಕು ಎಂದು ಆ ಮನುಷ್ಯ ಬೇಡಿದರೆ, ನಾನು ಅವರನ್ನೇ ಕಟ್ಟಿ ಕೂರಿಸಿದ್ದೆನಲ್ಲ! ಪಟ್ಟಿಯನ್ನು ಜೇಬಿಗೆ ತುರುಕಿ, ಅಧ್ಯಕ್ಷರು ಏಳುವ ಮೊದಲೇ ನಾನೆದ್ದೆ.

"ಏಳಿ ಮಾಸ್ತರೆ. ಈ ಗೋಡೆಗುಂಟ ಸುತ್ತು ಹಾಕ್ಕೊಂಡು ನುಡಿಸಿ. ನಿಮ್ಮ ಅಬ್ಬಾ ಅವರದ್ದೇ ನುಡಿಸಿ."

"ಸುತ್ತಿಕೊಂಡು ಎಲ್ಲಿಗೆ ಹೋಗ್ಬೇಕು ಸಾಹೇಬ್ರೆ?"

"ಎಲ್ಲಿಗೂ ಇಲ್ಲ" ಎಂದೆ.

ಕುರ್ಚಿಗಳನ್ನೆಲ್ಲ ಹಜಾರದ ನಡುವಿಗೆ ಎಳೆದೆವು. ಬ್ಯಾಂಡು ಎದ್ದಿತು, ಎಡಗಾಲು ಎತ್ತಿಟ್ಟಿತು. ನಾಲ್ಕು ಹೆಜ್ಜೆಗೆಲ್ಲ ಡ್ರಮ್ಮಿಗೆ ಉಸಿರು ಬಂತು, ಟ್ರಂಪೆಟ್ಟು ಹದಕ್ಕೆ ಬಂತು, ಅವೆರಡರ ಮೇಲೆ ಕ್ಲಾರಿನೆಟ್ಟು ನಿಧಾನವಾಗಿ ಎದ್ದುನಿಂತಿತು. ಆದರೆ ಬಾಗಿಲು ಹತ್ತಿರವಾದಂತೆ ಮಾಸ್ತರ ಕತ್ತು ಕುಗ್ಗಿತು, ಹೆಜ್ಜೆ ಅನುಮಾನಿಸಿತು. ಮೂವತ್ತು ವರ್ಷದ ಅಭ್ಯಾಸ ನೋಡಿ. 'ನಿಲ್ಸಪ್ಪಾ' ಎಂದು ಯಾರೂ ಹೇಳಲಿಲ್ಲ. ಎರಡನೆಯ ಸುತ್ತಿನಲ್ಲಿ ಬಾಗಿಲನ್ನು ಓರೆಗಣ್ಣಿನಿಂದ ನೋಡಿದರು. ಮೂರನೆಯ ಸುತ್ತಿಗೆ ಅದನ್ನು ಮರೆತೇಬಿಟ್ಟರು. ಆಮೇಲೆ ಸುತ್ತುಗಳನ್ನು ನಾನೂ ಎಣಿಸಲಿಲ್ಲ. ಮೆರವಣಿಗೆಯಲ್ಲಿ ನಮ್ಮನ್ನು ದಾಟಿ ಹೋದ ರಾಗ ಹೋದಂತೆಯೇ. ಇಲ್ಲಿ ಅದು ಹೋಗಿ ಹೋಗಿ ಮತ್ತೆ ನಮ್ಮ ಬಳಿಗೇ ಬರುತ್ತಿತ್ತು, ಬರುವಾಗಲೆಲ್ಲ ಇನ್ನಷ್ಟು ಬೆಳೆದು ಬರುತ್ತಿತ್ತು. ಕೊನೆಗೆ ಮುಂದಿನ ಸಾಲಿನ ಎದುರಿಗೆ, ತಾನಾಗಿಯೇ, ಮುಗಿಯಿತು.

ಮಾಸ್ತರು ಕ್ಲಾರಿನೆಟ್ಟನ್ನು ತುಟಿಯಿಂದ ತೆಗೆದು, ಅಭ್ಯಾಸಬಲದಿಂದ ತಲೆ ತಗ್ಗಿಸಿ, 'ಸಾಕು' ಎಂಬ ಆ ಒಂದು ಮಾತಿಗಾಗಿ ಕಾದು ನಿಂತರು. ಹಜಾರದಲ್ಲಿ ಕೇಳಿಸುತ್ತಿದ್ದದ್ದು ಒಂದೇ ಸದ್ದು. ಶಾಮಣ್ಣನವರ ಬಲಗಾಲು, ಚಪ್ಪಲಿ ಬಿಟ್ಟು, ಇನ್ನೂ ನೆಲ ಕುಟ್ಟುತ್ತಿತ್ತು. ಎದುರು ಪಕ್ಷಕ್ಕೆ ಸಾಕ್ಷಿ ನುಡಿದ ಕಕ್ಷಿದಾರನನ್ನು ನೋಡುವಂತೆ ಅವರು ಅದನ್ನು ನೋಡಿದರು. ಆಮೇಲೆ ಕೊಡೆಯನ್ನು ಕುರ್ಚಿಯ ಕೆಳಗೆ ತಳ್ಳಿದರು.

"ಇನ್ನೊಂದು ಆಗ್ಲಿ ಮಾಸ್ತರೆ."

"ಇನ್ನೊಂದಾ?" ಎಂದರು ಖಾದರ್ ಮಾಸ್ತರು, ನನ್ನ ಕಡೆ ತಿರುಗಿ. ಆ ಮಾತನ್ನು ಅವರಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಕೆಂಪು ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡರು.

ಅಂದಿನಿಂದ ನನ್ನ ಬಲಗಾಲಿನ ರಸಜ್ಞತೆಯ ಮೇಲೆ ನನಗೆ ನನ್ನ ತಲೆಯ ಮೇಲಿರುವುದಕ್ಕಿಂತ ಹೆಚ್ಚು ಭರವಸೆ. ಮೊನ್ನೆಯ ಕಚೇರಿಯಲ್ಲಿ ಪಕ್ಕದವರು ಗುರಾಯಿಸುತ್ತಿದ್ದಂತೆಯೇ ಗಾಯನ ಮುಗಿಯಿತು, ವ್ಯವಸ್ಥಾಪಕರು ಗಡಿಯಾರ ನೋಡಿಕೊಂಡು ಹಾರ ಎತ್ತಿಕೊಂಡರು, ಗಾಯಕಿ ತಂಬೂರಿ ಕೆಳಗಿಡಲು ಬಾಗಿದರು. "ಇನ್ನೊಂದು ಆಗ್ಲಿ!" ಎಂದು ನಾನು ಕೂತಲ್ಲಿಂದಲೇ ಕೂಗಿದೆ. ಸಭೆಯೆಲ್ಲ ನನ್ನತ್ತ ತಿರುಗಿತು. ತಿರುಗಲಿ ಬಿಡಿ, ಕಾಲು ಆಗಲೇ ಹೊರಟಿತ್ತು.