ಒಂದು ಗೇಣಿನ ಸ್ಟೂಲು

ಮೂವತ್ತಮೂರು ವರ್ಷ ಕಾರ್ಖಾನೆಗೆ ಹೋಗಿ ಬಂದ ನಾನು ಅಲ್ಲಿ ಒಂದೇ ಒಂದು ವಸ್ತುವನ್ನೂ ತಯಾರಿಸಲಿಲ್ಲ. ಬೇರೆಯವರು ತಯಾರಿಸಿದ್ದನ್ನು ಅಳೆದು ನೋಡಿ ಬೇಡ ಎನ್ನುವುದೇ ನನ್ನ ಉದ್ಯೋಗವಾಗಿತ್ತು. ತಪಾಸಣೆ ವಿಭಾಗ ನೋಡಿ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಆ ಬಿಡಿಭಾಗಕ್ಕೆ ಕೆಂಪು ಬಣ್ಣ ಬಳಿದು ಪಕ್ಕಕ್ಕೆ ಇಡುತ್ತಿದ್ದೆ. ಲೇತಿನ ಮುಂದೆ ದಿನವಿಡೀ ನಿಂತು ಅದನ್ನು ಮಾಡಿದವನ ಮುಖ ಸಪ್ಪಗಾಗುತ್ತಿತ್ತು. ನನಗೆ ಮಾತ್ರ ಕ್ಯಾಂಟೀನಿನ ಊಟ ಎಂದಿನಷ್ಟೇ ರುಚಿಸುತ್ತಿತ್ತು. ಇಂಥವನು ನಿವೃತ್ತನಾದ ಮೇಲೆ ಜಾಲಹಳ್ಳಿಯ ಮನೆಯ ಸ್ಕೂಟರ್ ಶೆಡ್ಡಿನಲ್ಲಿ ಮರಗೆಲಸಕ್ಕೆ ಇಳಿದನೆಂದರೆ ನಿಮಗೆ ನಗು ಬರಬಹುದು. ನನ್ನ ಹೆಂಡತಿ ಸರೋಜ ನಗಲಿಲ್ಲ, ಏಕೆಂದರೆ ಆ ಕೆಲಸ ಹುಟ್ಟಿದ್ದೇ ಅವಳಿಂದ.

ಅವಳಿಗೆ ಮೊಣಕಾಲು ನೋವು. ನೆಲದ ಮೇಲೆ ಕೂರಬೇಡಿ ಎಂದು ಡಾಕ್ಟರು ಹೇಳಿದ್ದರು. ಕುರ್ಚಿಯಲ್ಲಿ ಕೂತು ಸೊಪ್ಪು ಬಿಡಿಸಿದರೆ ಬ್ಯಾಂಕಿನಲ್ಲಿ ಕೂತ ಹಾಗಾಗುತ್ತದೆ ಎಂದು ಇವಳು ಅಡಿಗೆಮನೆಯ ನೆಲವನ್ನು ಬಿಡಲಿಲ್ಲ. ಏಳಬೇಕಾದಾಗ “ರೀ” ಎಂದು ಕರೆಯುತ್ತಿದ್ದಳು, ನಾನು ಹೋಗಿ ಎರಡೂ ಕೈ ಹಿಡಿದು ಎಬ್ಬಿಸುತ್ತಿದ್ದೆ. ನಾನು ಪಿಂಚಣಿ ಕಚೇರಿಗೆ ಹೋಗಿದ್ದ ಒಂದು ಬೆಳಿಗ್ಗೆ ಏಳಲಾಗದೆ ಮುಕ್ಕಾಲು ಗಂಟೆ ಹಾಗೇ ಕೂತಿದ್ದಳಂತೆ. ಒಂದು ತಗ್ಗಾದ ಸ್ಟೂಲನ್ನು ನನ್ನ ಕೈಯಾರೆ ಮಾಡಿಕೊಡುತ್ತೇನೆ ಎಂದು ಅಂದೇ ಮಾತು ಕೊಟ್ಟೆ. ಎತ್ತರ ಎಷ್ಟಿರಬೇಕು ಎಂದು ಕೇಳಿದರೆ ಗೇಣು ಹಾಕಿ ತೋರಿಸಿ, ಇಷ್ಟು, ಮೇಲೆ ಇನ್ನೊಂಚೂರು ಎಂದಳು. ಆ ಒಂಚೂರು ಎಷ್ಟು ಮಿಲಿಮೀಟರು ಎಂದು ಕೇಳಿದ್ದಕ್ಕೆ ಅವಳು ಮತ್ತೆ ಸೊಪ್ಪು ಬಿಡಿಸತೊಡಗಿದಳು.

ಅಂಗಡಿಯಲ್ಲಿ ಒಂದು ಕೊಂಡು ತಂದಿದ್ದರೆ ಅರ್ಧ ದಿನದಲ್ಲಿ ಮುಗಿಯುತ್ತಿತ್ತು. ಆದರೆ ಮಾತು ಕೊಟ್ಟಾಗಿತ್ತಲ್ಲ. ಸ್ಟೂಲು ಮಾಡಬೇಕಾದರೆ ಕೆಲಸದ ಮೇಜು ಬೇಕು. ಮೇಜು ಮಾಡಬೇಕಾದರೆ ಉಪಕರಣ ಬೇಕು. ಉಪಕರಣ ತೂಗುಹಾಕಲು ಗೋಡೆಗೆ ಹಲಗೆ ಬೇಕು. ಹಲಗೆ ಕೊಯ್ಯಲು ಮೇಜು ಬೇಕು. ಈ ಚಕ್ರದಲ್ಲಿ ಎರಡು ತಿಂಗಳು ಸುತ್ತಿದೆ. ಪೀಣ್ಯಕ್ಕೆ ಹೋಗಿ ಗರಗಸ, ಉಳಿ, ಉಜ್ಜುಗೊರಡು ತಂದೆ. ಮುಚ್ಚಿಹೋದ ಒಂದು ವರ್ಕ್‌ಶಾಪಿನಿಂದ, ಅಳತೆ ಪರೀಕ್ಷೆಗೆಂದೇ ಸಮತಟ್ಟು ಮಾಡಿದ ಗ್ರಾನೈಟ್ ಚಪ್ಪಡಿಯೊಂದನ್ನು ಆಟೋದಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದೆ. ಗೋಡೆಯ ಹಲಗೆಯ ಮೇಲೆ ಪ್ರತಿ ಉಪಕರಣದ ಆಕಾರವನ್ನೂ ಹಳದಿ ಬಣ್ಣದಲ್ಲಿ ಬರೆದೆ. ಯಾವುದು ಎಲ್ಲಿಗೆ ಸೇರಿದ್ದು ಎಂದು ಕುರುಡನೂ ಹೇಳಬೇಕು, ಅಂಥ ವ್ಯವಸ್ಥೆ. ಒಂದು ದಿನ ಉಳಿಯ ಜಾಗದಲ್ಲಿ ಸೌಟು ನೇತಾಡುತ್ತಿತ್ತು. ಜಾಗ ಖಾಲಿ ಇತ್ತು, ಅದಕ್ಕೇ ಹಾಕಿದೆ ಎಂದಳು ಸರೋಜ.

ನಮ್ಮ ಮಹಡಿಯ ಕೋಣೆಯಲ್ಲಿ ಬಾಡಿಗೆಗಿರುವ ಈರಪ್ಪ ಬಾಗಲಕೋಟೆ ಕಡೆಯ ಬಡಗಿ. ಅಪಾರ್ಟ್‌ಮೆಂಟುಗಳ ಕೆಲಸಕ್ಕೆ ಹೋಗುತ್ತಾನೆ. ಅವನ ಉಪಕರಣಗಳೆಲ್ಲ ಒಂದು ಗೋಣಿಚೀಲದಲ್ಲಿ ಹಿಡಿಯುತ್ತವೆ. ಒಂದು ಭಾನುವಾರ ಅವನನ್ನು ಕರೆದು ಶೆಡ್ಡು ತೋರಿಸಿದೆ, ಹೊಗಳಿಕೆಯ ಆಸೆಯಿಂದಲೇ ತೋರಿಸಿದೆ. ಅವನು ಕೈಕಟ್ಟಿಕೊಂಡು ಎಲ್ಲವನ್ನೂ ನೋಡಿದ.

“ಅಂಗಡಿ ಭಾಳ ಚಲೋ ಇಟ್ಟೀರಿ ಸರ,” ಎಂದ. “ಇದರಾಗ ಯಾವ್ಯಾವು ಮಾರಾಟಕ್ಕ ಅದಾವ್ರಿ?”

ಮಾರನೆಯ ದಿನವೇ ಸ್ಟೂಲಿಗೆ ಕೈ ಹಾಕಿದೆ. ಯಂತ್ರಗಳನ್ನು ತುಂಬಿ ಕಳಿಸುವ ಪೆಟ್ಟಿಗೆಗಳ ಪೈನ್ ಹಲಗೆ ಪೀಣ್ಯದಲ್ಲಿ ಬೇಕಾದಷ್ಟು ಸಿಗುತ್ತದೆ. ನಾಲ್ಕು ಕಾಲು, ಒಂದು ಪೀಠ. ಮೊದಲ ಸ್ಟೂಲನ್ನು ಗ್ರಾನೈಟ್ ಚಪ್ಪಡಿಯ ಮೇಲಿಟ್ಟು ಬೆರಳಿನಿಂದ ಒತ್ತಿದೆ. ಟಕ್ ಎಂದಿತು. ಒಂದು ಕಾಲಿನ ಕೆಳಗೆ ಪೋಸ್ಟ್ ಕಾರ್ಡು ತೂರುವಷ್ಟು ಸಂದು. ಕೈ ತಾನಾಗಿಯೇ ಕೆಂಪು ಬಣ್ಣದ ಡಬ್ಬಿಗೆ ಹೋಯಿತು. ಎರಡನೆಯದು ಅಲ್ಲಾಡಿದಾಗ ಉದ್ದದ ಕಾಲುಗಳನ್ನು ಉಜ್ಜಿದೆ. ಆಗ ಉಳಿದವು ಉದ್ದವಾದವು, ಅವನ್ನು ಉಜ್ಜಿದೆ. ಸಂಜೆಯ ಹೊತ್ತಿಗೆ ಅದು ಊಟದ ಮಣೆಯ ಎತ್ತರಕ್ಕೆ ಇಳಿದಿತ್ತು. ಮೂರನೆಯದು ಬೆಳಿಗ್ಗೆ ಪಾಸಾಗಿ, ಸಂಜೆ ಮಳೆ ಬಂದಾಗ ಫೇಲಾಯಿತು. ಕಬ್ಬಿಣ ಹೀಗೆ ಮಾಡುವುದಿಲ್ಲ. ಮರವಾದರೋ ಕಡಿದು, ಕೊಯ್ದು, ಮೊಳೆ ಹೊಡೆದ ಮೇಲೂ ತಾನು ಕಾಡಿನಲ್ಲೇ ಇದ್ದೇನೆಂದು ತಿಳಿದು ಮಳೆಗಾಲದಲ್ಲಿ ನೀರು ಕುಡಿಯುತ್ತದೆ. ನಾಲ್ಕನೆಯದರ ಕಥೆ ಬೇಡ.

ಹಳೆಯ ಕಾಲದ ಶಿಲ್ಪಿಗಳಿಗೆ ಮನೆ ಕಟ್ಟಿಸುವ ಯಜಮಾನನ ಬೆರಳಿನ ಗಣ್ಣೇ ಅಳತೆಯಾಗಿತ್ತು ಎಂದು ಎಲ್ಲೋ ಓದಿದ್ದೆ. ಯಜಮಾನ ಬದಲಾದರೆ ಅಳತೆಯೂ ಬದಲು. ಎಂಥ ಅವ್ಯವಸ್ಥೆ, ಅವರಲ್ಲಿ ತಪಾಸಣೆ ಮಾಡುತ್ತಿದ್ದವನ ಪಾಡೇನು ಎಂದು ಆಗ ಕನಿಕರಪಟ್ಟಿದ್ದೆ.

ಐದನೆಯ ಸ್ಟೂಲು ಮಾಗಿಯ ಒಣಹವೆಯಲ್ಲಿ ಪಾಸಾಯಿತು. ಚಪ್ಪಡಿಯ ಮೇಲೆ ಯಾವ ಮೂಲೆ ಒತ್ತಿದರೂ ಸದ್ದಿಲ್ಲ. ಜೀವನದಲ್ಲಿ ಮೊದಲ ಸಲ ನಾನು ಮಾಡಿದ್ದನ್ನು ನಾನೇ ಒಪ್ಪಿದ್ದೆ. ಎರಡೂ ಕೈಯಲ್ಲಿ ಹಿಡಿದು ಅಡಿಗೆಮನೆಗೆ ಒಯ್ದೆ. ಸರೋಜ ಒಲೆಯ ಮುಂದೆ ನಿಂತಿದ್ದಳು. ಸ್ಟೂಲನ್ನು ನೆಲದ ಮೇಲಿಟ್ಟು ಬೆರಳಿನಿಂದ ಒತ್ತಿದೆ.

ಟಕ್.

ಜಾಗ ಬದಲಿಸಿದೆ. ಟಕ್. ಅವಳು ಬಾಗಿಲ ಹಿಂದಿನಿಂದ ಇನ್ನೊಂದು ಸ್ಟೂಲನ್ನು ತಂದು ಇಟ್ಟಳು. ಕಾಲಿಗೆ ಕೆಂಪು ಬಣ್ಣ. ನನ್ನ ಮೊದಲನೆಯದು! ಒತ್ತಿ ನೋಡಿದೆ. ಮಿಸುಕಲಿಲ್ಲ.

“ನಮ್ಮನೆ ನೆಲಾನೇ ಓರೆ ಕಣ್ರೀ,” ಎಂದಳು. “ಅದಕ್ಕೆ ಇದು ಸರಿಯಾಗಿ ಕೂತ್ಕೊಳ್ಳುತ್ತೆ. ಎರಡು ತಿಂಗಳಿಂದ ಇದರ ಮೇಲೇ ಕೂತ್ಕೋತಾ ಇದೀನಿ.”

ಮತ್ತೆ ನನಗೇಕೆ ಹೇಳಲಿಲ್ಲ ಎಂದು ಕೇಳಿದೆ.

“ಹೇಳಿದ್ರೆ ನೀವು ನೆಲ ಅಳೆಯೋಕೆ ಶುರು ಮಾಡ್ತಿದ್ರಿ.”

ಆಗ ಹೊಳೆಯಿತು, ಎರಡು ತಿಂಗಳಿಂದ ಅವಳು “ರೀ” ಎಂದು ಕರೆದೇ ಇರಲಿಲ್ಲ. ಅದನ್ನು ಗಮನಿಸದಷ್ಟು ನಾನು ಶೆಡ್ಡಿನಲ್ಲಿ ಮುಳುಗಿದ್ದೆ. ನಾಚಿಕೆಯಾಯಿತು, ಖುಷಿ ಅದಕ್ಕಿಂತ ಹೆಚ್ಚಾಯಿತು. ಅವಳು ತನ್ನ ಸ್ಟೂಲಿನ ಮೇಲೆ ಕೂತು ಅವರೆಕಾಯಿಯ ಬುಟ್ಟಿ ಎಳೆದುಕೊಂಡಳು. ನಾನು ಪಾಸಾದ ಸ್ಟೂಲನ್ನು ಅವಳ ಪಕ್ಕ ಹಾಕಿಕೊಂಡು ಕೂತು, ಟಕ್ ಟಕ್ ಎನ್ನಿಸುತ್ತ ಕಾಯಿ ಸುಲಿಯತೊಡಗಿದೆ. ಬುಟ್ಟಿ ಖಾಲಿಯಾದಾಗ ಅವಳು ತಾನೇ ಎದ್ದು ನಿಂತಳು. ನಾನು ಏಳಲು ಹೋದೆ, ಸ್ಟೂಲು ಆ ಕಡೆ ವಾಲಿತು. ಅವಳು ಸೆರಗಿಗೆ ಕೈ ಒರೆಸಿಕೊಂಡು, ಎರಡೂ ಕೈ ಚಾಚಿ ನನ್ನನ್ನು ಎಬ್ಬಿಸಿದಳು.